ರಾಮಲಿಂಗನ ತಲೆಯೂ ತೊಗಲೂ

ಮನೋರೋಗ ವಿಭಾಗಕ್ಕೆ ಹೊಸದಾಗಿ ನರ್ಸಾಗಿ ಸೇರಿದ ಹುಡುಗಿಯರು ಈಗಲೂ ಆಗೀಗ ನನ್ನನ್ನು ನೋಡಲು ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಪೇಶೆಂಟು ಹೊಡೆಯೋಕೆ ಬಂದ್ರೆ ಏನು ಮಾಡೋದು?" ಅಯ್ಯೋ ನನ್ನ ಕಂದಮ್ಮಗಳಾ, ಹೊಡೆಯಲು ಬರುವವನಿಗೆ ಹೆದರಬೇಡಿ, ಪಕ್ಕಕ್ಕೆ ಸರಿದು ನಿಂತರೆ ಆಯಿತು. ಸುಮ್ಮನಿರುವವನಿಗೆ ಹೆದರಿ. ಮಾತ್ರೆ ನುಂಗಿದೆ ಅಂತ ನಗುನಗುತ್ತಾ ಹೇಳಿ ಹೋಗುವವನಿಗೆ ಹೆದರಿ. ನನ್ನ ಕೆಲಸದ ಕಾಲವೆಲ್ಲ ನಾನು ಹೆದರಿದ್ದು ಅಂಥವರಿಗೇ.

ಸೇಲಂ ಹತ್ತಿರದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ನಾನು ಕೆಲಸ ಮಾಡಿದೆ. ಅದರ ಹೆಸರು ಇಲ್ಲಿ ಬೇಡ. ನಾನು ಮೇಟೂರು ಕಡೆಯ ಹಳ್ಳಿಯವಳು, ಮನೆಮಾತು ಕನ್ನಡ, ಓದಿದ್ದು ತಮಿಳಿನಲ್ಲಿ. ನರ್ಸಿಂಗ್ ತರಬೇತಿಗೆ ಬೆಂಗಳೂರಿಗೆ ಹೋದಾಗಲೇ ಕನ್ನಡದ ಅಕ್ಷರ ಕಲಿತದ್ದು. ಹಾಗಾಗಿ ಆಸ್ಪತ್ರೆಯಲ್ಲಿ ಎಡಪ್ಪಾಡಿ, ಮೇಟೂರು, ಧರ್ಮಪುರಿ ಕಡೆಯ ಕನ್ನಡದ ಮನೆಯವರು ಬಂದರೆ ಸೀದಾ ನನ್ನ ಮೇಜಿಗೆ ಕಳಿಸುತ್ತಿದ್ದರು. ಅವರಿಗೆಲ್ಲ ತಮಿಳು ಚೆನ್ನಾಗಿಯೇ ಬರುತ್ತಿತ್ತು. ಆದರೆ ಮನೆಯೊಳಗಿನ ಸಂಕಟ ಹೇಳುವಾಗ ಬಾಯಿಗೆ ಬರುವುದು ಕನ್ನಡವೇ. "ಅವ್ನು ರಾತ್ರಿ ಎಲ್ಲಾ ಎದ್ದೇ ಇರ್ತಾನೆ ಸಿಸ್ಟ್ರಮ್ಮ" ಅನ್ನುವ ಮಾತನ್ನು ಯಾರೂ ತಮಿಳಿನಲ್ಲಿ ನನಗೆ ಹೇಳಲಿಲ್ಲ.

ಸೇರಿದ ಹೊಸತರಲ್ಲಿ ನನಗೆ ಪಾಠ ಕಲಿಸಿದವನು ಪೆನ್ನಾಗರದ ಕಡೆಯ ಮಾದಪ್ಪ ಎಂಬ ರೈತ. ಮಾತ್ರೆ ಕೊಟ್ಟು ಕಳಿಸಿದ್ದೆವು. ಮುಂದಿನ ಸಲ ಬಂದಾಗ ಕಾಯಿಲೆ ಅರ್ಧಕ್ಕರ್ಧ ಹಾಗೇ ಇತ್ತು. ಯಾಕಪ್ಪಾ ಅಂದರೆ, ದಿನಾ ಅರ್ಧ ಮಾತ್ರೆ ತನ್ನ ತಮ್ಮನಿಗೆ ಕೊಡುತ್ತಿದ್ದನಂತೆ. "ಅವನಿಗೂ ಕಾಯಿಲೆ ಇದೆಯಾ?" ಅಂತ ಕೇಳಿದೆ. "ಇಲ್ಲ ಸಿಸ್ಟ್ರೆ, ಒಂದೇ ಒಟ್ಟೇಲಿ ಉಟ್ಟಿರೋರು, ಮುಂದಕ್ಕೆ ಅವ್ನಿಗೂ ಬಂದುಬುಟ್ರೆ?" ಅಂದ. ಆ ತಮ್ಮ ಪಾಪ, ದಿನವಿಡೀ ಹೊಲದಲ್ಲಿ ತೂಕಡಿಸುತ್ತಿದ್ದನಂತೆ! ನಗು ಬಂತು, ಆಮೇಲೆ ಭಯವೂ ಬಂತು. ನಾವು ಚೀಟಿಯಲ್ಲಿ ಬರೆದು ಕೊಡುವುದು ಒಂದು, ಮನೆಗೆ ಹೋದ ಮೇಲೆ ಆ ಮಾತ್ರೆಯ ಗತಿ ಬೇರೆ. ಆವತ್ತಿನಿಂದ ಕೇಸಿನ ಕಾಗದ ಹಿಡಿದು ಕೂರುವ ಬದಲು ಮನೆಗಳಿಗೆ ಹೋಗುವುದನ್ನು ರೂಢಿ ಮಾಡಿಕೊಂಡೆ.

ಆಗಿನ ಕೆಲಸದ ರೀತಿಯನ್ನೂ ಹೇಳಬೇಕು. ಮನಸ್ಸು ಒಮ್ಮೆ ಆಕಾಶಕ್ಕೆ ಏರಿ ಒಮ್ಮೆ ಪಾತಾಳಕ್ಕೆ ಬೀಳುವ ಕಾಯಿಲೆಗೆ ಲಿಥಿಯಂ ಮಾತ್ರೆ ಕೊಡುತ್ತಿದ್ದೆವು. ಒಳ್ಳೆಯ ಮಾತ್ರೆ, ಆದರೆ ಕಡಿಮೆಯಾದರೆ ಕೆಲಸ ಮಾಡದು, ಸ್ವಲ್ಪ ಹೆಚ್ಚಾದರೆ ವಿಷ. ರಕ್ತದಲ್ಲಿ ಅದು ಎಷ್ಟಿದೆ ಎಂದು ಆಗಾಗ ನೋಡಬೇಕು. ಆ ಪರೀಕ್ಷೆ ನಮ್ಮಲ್ಲಿ ಇರಲಿಲ್ಲ. ರಕ್ತದ ಸೀಸೆಯನ್ನು ಐಸಿನ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿ, ಫಲಿತಾಂಶಕ್ಕೆ ಕಾಯುತ್ತಾ ಕೂರಬೇಕಿತ್ತು. ಅಷ್ಟರವರೆಗೆ ನಮ್ಮ ಕಣ್ಣೇ ಲ್ಯಾಬು. ಕೈ ಮುಂದಕ್ಕೆ ಚಾಚಿಸಿ ಮೇಲೊಂದು ಕಾಗದ ಇಡುವುದು, ಅದು ನಡುಗುತ್ತದಾ ನೋಡುವುದು. ಗೆರೆ ಎಳೆದು ಅದರ ಮೇಲೆ ನಡೆಸುವುದು. ಈಗಿನ ನಿಮಗೆ ಮಧ್ಯಾಹ್ನದೊಳಗೆ ರಿಪೋರ್ಟು ಬರುತ್ತದೆ. ಆದರೂ ಕೈ ನೋಡುವುದನ್ನು ಬಿಡಬೇಡಿ.

ರಾಮಲಿಂಗ ನನ್ನ ಮೇಜಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಎಡಪ್ಪಾಡಿಯ ಕೈಮಗ್ಗದ ನೇಕಾರ, ಮೂವತ್ತು ದಾಟಿದವನು. ಜೊತೆಗೆ ಹೆಂಡತಿ ರಾಜಮ್ಮ, ತಾಯಿ ಚೌಡಮ್ಮ. ಲಿಥಿಯಂ ಶುರುವಾಗುವ ಮೊದಲು ಅವನ ತಲೆ ಏರಿದಾಗ ಊಟ ನಿದ್ದೆ ಬಿಟ್ಟು ಮಗ್ಗದ ಮೇಲೆ ಕೂತು, ಆಮೇಲೆ ಅದನ್ನೂ ಬಿಟ್ಟು ಶಂಕಗಿರಿಗೆ ಓಡಿ, ಅಲ್ಲಿ ನಿಂತ ಲಾರಿಗಳ ಡ್ರೈವರುಗಳಿಗೆಲ್ಲ ನಾನೇ ನಿಮ್ಮ ಓನರು ಎಂದು ಭಾಷಣ ಮಾಡಿದ್ದನಂತೆ. ಇಳಿದಾಗ ಗೋಡೆಗೆ ಮುಖ ಮಾಡಿ ಮಲಗಿದವನು ಒಂದು ದಿನ ಎದ್ದು ಹೋಗಿ ಬಾವಿಗೆ ಬಿದ್ದಿದ್ದ. ನೀರು ಸೇದಲು ಬಂದವರು ಎಳೆದು ಹಾಕಿದ್ದರಿಂದ ಉಳಿದ. ಲಿಥಿಯಂ ಒಗ್ಗಿದ ಮೇಲೆ ಮನುಷ್ಯ ಮನುಷ್ಯನಾದ. ಮಗ್ಗಕ್ಕೆ ಕೂತ, ಮಗಳನ್ನು ಸ್ಕೂಲಿಗೆ ಕರೆದುಕೊಂಡು ಹೋದ. ರಾಜಮ್ಮ ನನ್ನ ಕೈ ಹಿಡಿದು, "ಮದುವೆ ಆದಾಗಿದ್ದ ಗಂಡ ವಾಪಸ್ ಬಂದ್ರು ಸಿಸ್ಟ್ರಮ್ಮ" ಅಂದಿದ್ದಳು.

ಆಮೇಲೆ ಒಂದು ಬೇಸಿಗೆ, ಸೇಲಂನ ಆ ಸುಡುವ ಬಿಸಿಲಿನಲ್ಲಿ, ಅವನು ತುಂಬುತೋಳಿನ ಅಂಗಿ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು ಬಂದ. ಮತ್ತೆ ತಲೆ ಏರಿತಾ ಅಂತ ಅವನ ಮುಖ ನೋಡಿದೆ. "ಏನ್ಲಾ ಇದು ವೇಷ?" ಅಂದೆ. ಅವನು ಅಂಗಿಯ ತೋಳು ಮಡಚಿ ತೋರಿಸಿದ. ಮೊಣಕೈ ಮೇಲೆ ಕೆಂಪು ಗಾಯದ ಬಿಲ್ಲೆ, ಅದರ ಮೇಲೆ ಬಿಳಿಯ ಹೊಟ್ಟು. ಮೊಣಕಾಲು, ಬೆನ್ನು, ತಲೆ ಎಲ್ಲಾ ಅದೇ. ಚರ್ಮದ ಡಾಕ್ಟರ ಹತ್ತಿರ ಕಳಿಸಿದೆವು. ಸೋರಿಯಾಸಿಸ್, ಲಿಥಿಯಂ ತಿನ್ನುವ ಕೆಲವರಿಗೆ ಹೀಗೆ ಬರುತ್ತದೆ ಎಂದು ಬರೆದು ಕೊಟ್ಟರು. ಮುಲಾಮು ಕೊಟ್ಟರು. ಹಚ್ಚಿದರೆ ಅಷ್ಟು ದಿನ ಕಡಿಮೆ, ಬಿಟ್ಟರೆ ಮತ್ತೆ ಅದೇ ಪಾಡು.

ಅಂಟುವ ರೋಗವಲ್ಲ ಅದು. ಆದರೆ ಊರಿಗೆ ಯಾರು ಹೇಳುವುದು? ನಮ್ಮ ಕಡೆ ಮೈಮೇಲೆ ಬಿಲ್ಲೆ ಕಂಡರೆ ಜನರ ಬಾಯಿಗೆ ಬರುವ ರೋಗದ ಹೆಸರು ಒಂದೇ, ಕುಷ್ಠ. ಟೀ ಅಂಗಡಿಯ ಬೆಂಚಿನಲ್ಲಿ ಅವನು ಕೂತರೆ ಪಕ್ಕದವರು ಎದ್ದರು. ನೂಲು ಕೊಡುವ ಯಜಮಾನ, ಸೀರೆಯ ಮೇಲೆ ಹೊಟ್ಟು ಉದುರುತ್ತದೆ ಎಂದು ಮಗ್ಗಕ್ಕೆ ಏರಿಸುವ ಕಪ್ಪು ನೂಲಿನ ಹಾಸು ಕೊಡುವುದನ್ನು ನಿಲ್ಲಿಸಿದ. ಗುಂಡಿ ಮಗ್ಗದಲ್ಲಿ ಕೂತು ಲಾಳಿ ಎಸೆಯುವಾಗ ಮರದ ಅಂಚು ಹೊಟ್ಟೆಗೆ ತಗಲುವ ಜಾಗದಲ್ಲೂ ಒಂದು ಉದ್ದನೆಯ ಬಿಲ್ಲೆ ಎದ್ದಿತು. ಬೆವರಿದರೆ ಉರಿ, ಕೆರೆದರೆ ರಕ್ತ.

"ಸಿಸ್ಟ್ರೆ, ಈ ಮಾತ್ರೆ ಬುಟ್ಬುಡ್ಲಾ?" ಅಂತ ಒಂದು ದಿನ ಕೇಳಿದ.

"ಬಿಟ್ಟರೆ ಏನಾಗುತ್ತೆ ಗೊತ್ತಲ್ಲ?"

"ಗೊತ್ತು. ಆದ್ರೆ ತಲೆ ಕೆಟ್ಟೋರ್ನ ಜನ ಅಯ್ಯೋ ಪಾಪ ಅಂತಾರೆ. ಇಂಗಾದೋರ್ನ ಥೂ ಅಂತಾರೆ."

ಚೀಟಿಯಲ್ಲಿ ಮಾತ್ರೆಯ ಲೆಕ್ಕ ಮತ್ತೆ ಬರೆದು ಅವನ ಕೈಗಿಟ್ಟೆ. ರಾಜಮ್ಮ ಬಾಗಿಲ ಹೊರಗೆ ನನ್ನನ್ನು ನಿಲ್ಲಿಸಿ, "ತೊಗಲು ಎಂಗಾನಾ ಇರ್ಲಿ, ಅವರ್ನ ಮತ್ತೆ ಆ ಬಾವಿ ಅತ್ರಕ್ಕೆ ಓಗಕ್ಕೆ ಬುಡಬ್ಯಾಡಿ" ಅಂದಳು. ಆವತ್ತಿನಿಂದ ನನಗೆ ನೆಮ್ಮದಿ ಅನ್ನುವುದು ಹೋಯಿತು. ಅವನು ಮಾತ್ರೆ ನಿಲ್ಲಿಸುತ್ತಾನೆ, ಯಾರಿಗೂ ಹೇಳುವುದಿಲ್ಲ, ಒಂದು ದಿನ ಸುದ್ದಿ ಬರುತ್ತದೆ ಅನ್ನುವ ಹೆದರಿಕೆ. ಎಡಪ್ಪಾಡಿ ಬಸ್ಸಿನಿಂದ ಇಳಿದವರು ಯಾರಾದರೂ ಆಸ್ಪತ್ರೆಯ ಗೇಟಿನಲ್ಲಿ ಅವಸರವಾಗಿ ನಡೆದು ಬಂದರೆ ಕೈಲಿದ್ದ ಸಿರಿಂಜು ಕೆಳಗಿಟ್ಟು ನೋಡುತ್ತಿದ್ದೆ.

ನಮ್ಮ ಮೇಲಿನವರು ಡಾಕ್ಟರ್ ಇಳಂಗೋ. ಕಡಿಮೆ ಮಾತು, ಯೋಚನೆ ಬಂದರೆ ಬಲಗಿವಿ ಎಳೆದುಕೊಳ್ಳುವ ಅಭ್ಯಾಸ. ಬೈಯುವುದಾದರೆ ಮೆಲ್ಲಗೆ, ಆದರೆ ಎರಡು ದಿನ ಉರಿಯುವ ಹಾಗೆ. ಬೇರೆ ಮಾತ್ರೆಗೆ ಬದಲಿಸಬಹುದಲ್ಲ ಎಂದು ನೀವು ಕೇಳುತ್ತೀರಿ. ಬದಲಿಸಿ ನೋಡಿದ್ದರು. ಒಂದಕ್ಕೆ ಮೈತುಂಬ ದದ್ದು ಎದ್ದು ಕೂಡಲೇ ನಿಲ್ಲಿಸಬೇಕಾಯಿತು, ಇನ್ನೊಂದಕ್ಕೆ ಅವನ ತಲೆ ಬಗ್ಗಲೇ ಇಲ್ಲ. ಲಿಥಿಯಂ ಒಂದೇ ಅವನಿಗೆ ಒಗ್ಗಿದ್ದು.

ಕೊನೆಗೆ ಡಾಕ್ಟರು ಎಲ್ಲೋ ಓದಿ, ಯಾರನ್ನೋ ಕೇಳಿ, ಇನೋಸಿಟಾಲ್ ಅನ್ನುವ ಒಂದು ಬಿಳಿ ಪುಡಿ ತರಿಸಿದರು. ಔಷಧಿಯಲ್ಲ, ಆಹಾರದ ಜೊತೆ ಕೊಡುವ ಪೂರಕ. ಕಾಳು ಹಣ್ಣುಗಳಲ್ಲಿ ಇರುವಂಥದ್ದೇ. ಲಿಥಿಯಂ ಈ ವಸ್ತುವನ್ನು ಮೈಯಲ್ಲಿ ಕಡಿಮೆ ಮಾಡುತ್ತದಂತೆ, ಅದನ್ನು ತುಂಬಿಕೊಟ್ಟರೆ ಚರ್ಮ ಸ್ವಲ್ಪ ಸುಧಾರಿಸಬಹುದು ಎನ್ನುವುದು ಅವರ ಲೆಕ್ಕಾಚಾರ. ನಾಲಿಗೆಗೆ ಹಚ್ಚಿ ನೋಡಿದೆ, ಸಣ್ಣಗೆ ಸಿಹಿ. "ಖಂಡಿತ ಅಂತ ಹೇಳಲ್ಲ. ಒಬ್ಬರಿಗೆ ಆಗಬಹುದು, ಒಬ್ಬರಿಗೆ ಆಗದಿರಬಹುದು" ಅಂದರು. ಕಿವಿ ಎಳೆದುಕೊಂಡು ಇನ್ನೊಂದು ಮಾತೂ ಸೇರಿಸಿದರು. ಚರ್ಮಕ್ಕೆ ತುಂಬಿಕೊಟ್ಟದ್ದು ತಲೆಗೂ ತುಂಬಿದರೆ ಲಿಥಿಯಂನ ಕೆಲಸ ಕೆಡಬಹುದು, ಅವನು ಮತ್ತೆ ಏರಬಹುದು. "ನಿದ್ದೆ ನೋಡ್ತಾ ಇರಿ, ಮಾತು ನೋಡ್ತಾ ಇರಿ."

ಸರಿ ಹೋಯ್ತು! ಇದ್ದ ಹೆದರಿಕೆ ಸಾಲದು ಅಂತ ಇನ್ನೊಂದು. ಪುಡಿ ದೊಡ್ಡ ಚೀಲದಲ್ಲಿ ಬಂದಿತ್ತು. ಅಳತೆ ತಪ್ಪಬಾರದು ಎಂದು ಫಾರ್ಮಸಿಯಲ್ಲಿ ಒಂದೊಂದು ಹೊತ್ತಿನದನ್ನೂ ಕಾಗದದ ಪೊಟ್ಟಣ ಕಟ್ಟಿಸಿ ಕೊಟ್ಟೆವು. ಎರಡು ಹೊತ್ತು, ಊಟವಾದ ಮೇಲೆ, ನೀರಿನಲ್ಲಿ ಕದಡಿ. ಚೌಡಮ್ಮ ಪೊಟ್ಟಣಗಳನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಮಾತ್ರೆ ಕೊಟ್ಟಾಗ ಆಕೆ ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಮೊದಲು ಏನೂ ಆಗಲಿಲ್ಲ. ನಾವು ತಿಂಗಳಿಗೊಮ್ಮೆ ವ್ಯಾನಿನಲ್ಲಿ ಎಡಪ್ಪಾಡಿಗೆ ಕ್ಯಾಂಪು ಹೋಗುತ್ತಿದ್ದೆವು. ಹೋದಾಗಲೆಲ್ಲ ನಾನು ಅವನ ಮೊಣಕೈ ಆಮೇಲೆ ನೋಡುತ್ತಿದ್ದೆ, ಮೊದಲು ಕಣ್ಣು ನೋಡುತ್ತಿದ್ದೆ. ಹೊಳಪು ಹೆಚ್ಚಿದೆಯಾ? ಮಾತು ಓಡುತ್ತಿದೆಯಾ? ಹೊಸ ಅಂಗಿ ಯಾಕೆ ಹಾಕಿದ್ದಾನೆ? "ರಾತ್ರಿ ಮಲಗ್ತಾರಾ?" ಅಂತ ರಾಜಮ್ಮನನ್ನು ಎಷ್ಟು ಸಲ ಕೇಳಿದೆನೆಂದರೆ ಆಕೆಗೇ ಸಾಕಾಗಿ, "ಗೊರ್ಕೆ ಕೇಳಕ್ಕೆ ನೀವೇ ಬಂದು ಮಲಕ್ಕೊಳಿ ಸಿಸ್ಟ್ರಮ್ಮ" ಅಂದುಬಿಟ್ಟಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಮೇಲೆ ಒಂದು ಕ್ಯಾಂಪಿನಲ್ಲಿ ಅವನು ಅರ್ಧತೋಳಿನ ಅಂಗಿಯಲ್ಲಿ ಬಂದ. ಬಿಲ್ಲೆಗಳು ಪೂರ್ತಿ ಹೋಗಿರಲಿಲ್ಲ, ಆದರೆ ತೆಳ್ಳಗಾಗಿದ್ದವು. ಹೊಟ್ಟು ಉದುರುವುದು ಕಡಿಮೆಯಾಗಿತ್ತು. ತಲೆಯ ಟವೆಲ್ ಭುಜಕ್ಕೆ ಬಂದಿತ್ತು. "ಯಜಮಾನ್ರು ಕಪ್ಪು ಹಾಸು ಕೊಟ್ರು ಸಿಸ್ಟ್ರೆ" ಅಂದ, ಪರೀಕ್ಷೆ ಪಾಸಾದವರ ದನಿಯಲ್ಲಿ. ಡಾಕ್ಟರು ಅವನ ಮೊಣಕೈಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ವಾಪಸ್ಸು ಬರುವಾಗ ವ್ಯಾನಿನಲ್ಲಿ ನನಗೆ ಅಷ್ಟು ದಿನಗಳಿಂದ ಮೊದಲ ಬಾರಿಗೆ ಸುಖವಾಗಿ ನಿದ್ದೆ ಬಂತು.

ಮುಂದಿನ ಕ್ಯಾಂಪು ತಮಿಳರ ಚಿತ್ತಿರೈ ತಿಂಗಳಲ್ಲಿ, ನಡುಬೇಸಿಗೆಯಲ್ಲಿ ಬಿತ್ತು. ಡಾಂಬರು ಚಪ್ಪಲಿಗೆ ಅಂಟುವ ಬಿಸಿಲು. ಅಂದು ರಾಜಮ್ಮ ಒಬ್ಬಳೇ ಬಂದಳು.

"ಎಲ್ಲಿ ನಿಮ್ಮ ಯಜಮಾನರು?"

"ಮನೇಲೇ ಅವ್ರೆ. ತೊಗಲು ಚೆನ್ನಾಗೈತೆ ಸಿಸ್ಟ್ರಮ್ಮ, ಇನ್ನೂ ಚೆನ್ನಾಗೈತೆ. ಆದ್ರೆ ವಸಿ ಸುಸ್ತು. ವಾಂತಿ ಆಯ್ತೈತೆ. ಬಿಸ್ಲಿಗೆ ಇರ್ಬೇಕು."

"ಕೈ?"

"ಲಾಳಿ ಕೈತಪ್ಪಿ ಬೀಳ್ತೈತೆ. ನೆನ್ನೆ ಮಾತು ಎಂಗೆಂಗೋ ಬಂತು. ಕುಡಿದೋರ ತರ. ಅಕ್ಕಪಕ್ಕದೋರು ಕುಡಿಯಕ್ಕೆ ಕಲ್ತ ಅಂತವ್ರೆ. ಅವ್ರು ಕುಡಿಯಲ್ಲ ಸಿಸ್ಟ್ರಮ್ಮ, ನಿಮ್ಮಾಣೆಗೂ ಕುಡಿಯಲ್ಲ."

ಅವಳ ಮಾತನ್ನೆಲ್ಲ ಡಾಕ್ಟರಿಗೆ ತಮಿಳಿನಲ್ಲಿ ಹೇಳಿದೆ. ಮುಗಿಸುವಷ್ಟರಲ್ಲಿ ಅವರು ಎದ್ದಿದ್ದರು. ಸಾಲಿನಲ್ಲಿ ನಿಂತಿದ್ದವರನ್ನೆಲ್ಲ ಕೂರಿಸಿ, ವ್ಯಾನು ತಿರುಗಿಸಿ, ಅವನ ಓಣಿಗೆ ಹೋದೆವು. ದಾರಿಯುದ್ದಕ್ಕೂ ಡಾಕ್ಟರು, "ಪುಡಿ ಕೊಡಬಾರದಿತ್ತೋ ಏನೋ" ಅಂತ ತಮಿಳಿನಲ್ಲಿ ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ನನಗೂ ಅದೇ ಯೋಚನೆ. ಆ ಸಿಹಿ ಪುಡಿಯೇ ಏನೋ ಮಾಡಿತು ಅಂತ.

ರಾಮಲಿಂಗ ಮಗ್ಗದ ಪಕ್ಕದ ಚಾಪೆಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದುಕೊಂಡ. ಕೈ ಚಾಚಿಸಿ ಕಾಗದ ಇಟ್ಟೆ, ಅದು ಹಾರಿ ಕೆಳಗೆ ಬಿತ್ತು. "ಬನ್ನಿ ಸಿಸ್ಟ್ರೆ" ಅಂದದ್ದು ಬಾಯೊಳಗೇ ಹೊರಳಿತು. ಮೈ ನೋಡಿದರೆ ಬಿಲ್ಲೆಗಳು ನಿಜವಾಗಿಯೂ ಮಾಸಿದ್ದವು. ಚರ್ಮ ಅಷ್ಟು ಚೆನ್ನಾಗಿ, ಒಳಗಿನ ಮನುಷ್ಯ ಅಷ್ಟು ಕೆಟ್ಟಿದ್ದು ಕಂಡು ನನಗೆ ಅಳುವೇ ಬಂತು. ಲಿಥಿಯಂ ವಿಷವಾಗಿದೆ ಅಂತ ನೋಡಿದೊಡನೆ ಗೊತ್ತಾಯಿತು. ಯಾಕೆ ಆಯಿತು ಅನ್ನುವುದು ಮಾತ್ರ ತಿಳಿಯಲಿಲ್ಲ. ಮಾತ್ರೆ ಹೆಚ್ಚು ತಿಂದನಾ ಎಂದು ಎಣಿಸಿದರೆ ಮಾತ್ರೆಗಳು ಸರಿಯಾಗಿಯೇ ಇದ್ದವು.

ಅವನನ್ನು ಇಬ್ಬರು ಹಿಡಿದು ವ್ಯಾನಿಗೆ ಹತ್ತಿಸುತ್ತಿದ್ದಾಗ ಚೌಡಮ್ಮ ಒಳಗಿನಿಂದ ಊಟದ ಡಬ್ಬಿ ಹಿಡಿದು ಓಡಿ ಬಂದಳು.

"ಆಸ್ಪತ್ರೆ ಊಟ ಕೊಡಬ್ಯಾಡಿ ಕಣಮ್ಮ. ಇದ್ನೇ ಕೊಡಿ. ಇಲ್ದಿದ್ರೆ ಪತ್ಯ ಕೆಡ್ತೈತೆ."

ಡಾಕ್ಟರಿಗೆ ಕನ್ನಡ ಬಾರದು. ಆದರೆ ಆ ಒಂದು ಮಾತು ತಮಿಳಿನಲ್ಲೂ ಇರುವುದೇ. ಮುಂದಿನ ಸೀಟಿನಲ್ಲಿ ಕೂತಿದ್ದವರು ಗಕ್ಕನೆ ತಿರುಗಿದರು. "ಪತ್ತಿಯಮಾ? ಎನ್ನ ಪತ್ತಿಯಂ?" ಏನು ಪತ್ಯ ಅಂತ ಕೇಳು ಅಂದರು.

ಕೇಳಿದೆ. ಆ ತಾಯಿ ಎಷ್ಟು ಹೆಮ್ಮೆಯಿಂದ ಹೇಳಿದಳು ಗೊತ್ತಾ!

"ನೀವು ಪೊಟ್ಟಣ ಕೊಟ್ರಲ್ಲ, ಆವತ್ತಿಂದ ಬದನೆಕಾಯಿ ಇಲ್ಲ, ಒಣಮೀನು ಕರುವಾಡಿಲ್ಲ, ಉಣಸೆ ಇಲ್ಲ. ತೊಗಲು ವಸಿ ವಾಸಿ ಆಯ್ತು ನೋಡಿ, ಪತ್ಯ ಇಡಿತೈತೆ ಅಂತ ತಿಳೀತು. ಆಮೇಕೆ ಉಪ್ಪೂ ತೆಗ್ದುಬುಟ್ಟೆ. ಒಂದು ಅರಳು ಉಪ್ಪು ಒಟ್ಟೆಗೆ ಓಗಕ್ಕೆ ಬುಟ್ಟಿಲ್ಲ."

"ಯಾರು ಹೇಳಿದ್ದು ಪತ್ಯ ಮಾಡಕ್ಕೆ? ಮಾತ್ರೆ ತಿನ್ನುವಾಗ ಮಾಡಿದ್ರಾ?"

"ಇಂಗ್ಲಿಷ್ ಮಾತ್ರೆಗೆ ಯಾಕಮ್ಮ ಪತ್ಯ? ಪುಡಿ ಮದ್ದಿಗೆ ಬ್ಯಾಡ್ವಾ?"

ಯಾರು ಹೇಳಬೇಕು ಅದನ್ನು! ನಮ್ಮ ಕಡೆ ನಾಟಿ ವೈದ್ಯರು ಕೊಡುವ ಪುಡಿ ಕಾಗದದ ಪೊಟ್ಟಣದಲ್ಲೇ ಬರುತ್ತದೆ, ಪೊಟ್ಟಣ ಮನೆಗೆ ಬಂದರೆ ಪತ್ಯವೂ ಬರುತ್ತದೆ. ನನ್ನ ಅಜ್ಜಿಯೂ ಹಾಗೇ ಮಾಡುತ್ತಿದ್ದಳು. ಚರ್ಮರೋಗಕ್ಕಂತೂ ಉಪ್ಪಿಲ್ಲದ ಪತ್ಯ. ಆದರೆ ಲಿಥಿಯಂ ತಿನ್ನುವವನು ಉಪ್ಪು ಬಿಟ್ಟರೆ, ಮೈ ಉಪ್ಪಿನ ಜೊತೆ ಲಿಥಿಯಂ ಅನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಚಿತ್ತಿರೈ ಬಿಸಿಲು, ಮಗ್ಗದ ಬೆವರು. ದಿನಾ ತಿನ್ನುವ ಅದೇ ಮಾತ್ರೆ ಒಳಗೊಳಗೇ ತುಂಬುತ್ತಾ ಹೋಗಿತ್ತು.

ಡಾಕ್ಟರು ಬಾಗಿಲು ಹಾಕಿ, ಜೋರಾಗಿ ಓಡಿಸು ಅಂತ ಡ್ರೈವರಿಗೆ "ವೇಗಮಾ ಪೋ" ಅಂದರು.

ಆಸ್ಪತ್ರೆಗೆ ಬಂದು ಲಿಥಿಯಂ ನಿಲ್ಲಿಸಿ ಡ್ರಿಪ್ ಹಾಕಿದೆವು. ರಕ್ತ ಬೆಂಗಳೂರಿನ ಬಸ್ಸು ಹತ್ತಿತು. ಚೌಡಮ್ಮ ಮಂಚದ ಕಾಲ ಬಳಿ ನೆಲದ ಮೇಲೆ ಕೂತು, ಮೇಲೆ ತೂಗುತ್ತಿದ್ದ ಬಾಟಲಿ ನೋಡುತ್ತಾ, "ಅದೇನಮ್ಮ ನೀರು?" ಅಂದಳು.

"ಉಪ್ಪು ನೀರು" ಅಂದೆ.

"ಉಪ್ಪಾ?" ಎದ್ದು ನಿಂತಳು. "ಬ್ಯಾಡ ಕಣಮ್ಮ! ತೆಗೀರಿ, ತೆಗೀರಿ! ನಾನು ಇಷ್ಟು ದಿನ ಇಡ್ಕೊಂಡು ಬಂದಿದ್ದೆಲ್ಲಾ ಆಳಾಯ್ತದೆ. ತೊಗಲು ಮತ್ತೆ ಎದ್ದೇಳ್ತೈತೆ!" ಡ್ರಿಪ್ಪಿನ ಕೊಳವೆಗೆ ಕೈ ಹಾಕಿದಳು.

ನಾನು ಅವಳ ಕೈ ಹಿಡಿದು ಎಳೆದೆ. ಸಿಟ್ಟು ನೆತ್ತಿಗೇರಿತ್ತು. "ನಿನ್ನ ಪತ್ಯದಿಂದಲೇ ನಿನ್ನ ಮಗ ಇಲ್ಲಿ ಬಿದ್ದಿರೋದು! ಉಪ್ಪು ಬಿಡಿಸಿದ್ದಕ್ಕೆ ಮಾತ್ರೆ ವಿಷ ಆಗಿದೆ!" ಅಂತ ವಾರ್ಡೆಲ್ಲ ಕೇಳುವ ಹಾಗೆ ಕೂಗಿದೆ.

ಚೌಡಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಕಣ್ಣು ಪಿಳಿಪಿಳಿ ಬಿಟ್ಟಳು, ಆಮೇಲೆ ಹಾಗೇ ಕುಸಿದಳು. ನಾಡಿ ನೋಡಿದರೆ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ. ತುಟಿ ಒಡೆದಿತ್ತು. ನಾವು ಅವಳನ್ನೂ ಪಕ್ಕದ ಮಂಚಕ್ಕೆ ಹಾಕಿ, ಅವಳಿಗೂ ಒಂದು ಬಾಟಲಿ ಏರಿಸಿದೆವು.

ರಾಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದಳು. "ಅತ್ತೇನೂ ಉಪ್ಪು ಬುಟ್ಟವ್ರೆ ಸಿಸ್ಟ್ರಮ್ಮ. ಅವ್ನಿಗಿಲ್ಲದ್ದು ನಂಗ್ಯಾಕೆ ಅಂತ. ಮಗ ಬುಡ್ತಾ ಇದ್ದಂಗೇ ಇವ್ರೂ ಬುಟ್ರು."

ನಾನು ಹೊರಗೆ ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡೆ. ಯಾರ ಮೇಲೆ ಸಿಟ್ಟು ಮಾಡುವುದು? ಅಷ್ಟು ಪ್ರೀತಿಯಿಂದ ಮಗನಿಗೆ ವಿಷ ಹಾಕಿದ ತಾಯಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲಿನದು ಬರೀ ಕಾಯುವ ಕೆಲಸ. ಬೆಂಗಳೂರಿನಿಂದ ರಿಪೋರ್ಟು ಬರುವ ತನಕ ಮೂತ್ರ ಅಳೆಯುವುದು, ಹೆಸರು ಕೇಳುವುದು, ಕಾಗದ ಇಡುವುದು. ರಾಮಲಿಂಗ ಒಮ್ಮೆ ನನ್ನನ್ನು ಗುರುತಿಸುತ್ತಿದ್ದ, ಒಮ್ಮೆ ಯಾವುದೋ ಅತ್ತೆ ಎಂದುಕೊಳ್ಳುತ್ತಿದ್ದ. ಬದುಕಿದರೂ ನಡಿಗೆ, ಮಾತು ಹಾಗೇ ಉಳಿದುಬಿಡಬಹುದು ಅಂತ ಡಾಕ್ಟರು ನನಗೆ ಮಾತ್ರ ಹೇಳಿದ್ದರು. ನೇಕಾರನಿಗೆ ಕೈ ಹೋದರೆ ಏನು ಉಳಿಯಿತು? ಮಾತ್ರೆ ನಿಂತಿದೆ, ಹಾಗಾಗಿ ತಲೆಯೂ ಏರಬಹುದು. ರಾಜಮ್ಮ ನನ್ನ ಮುಖ ನೋಡಿ ನೋಡಿ, "ಏನಾರಾ ಏಳಿ ಸಿಸ್ಟ್ರಮ್ಮ" ಅನ್ನುತ್ತಿದ್ದಳು. ಟೀ ತರಿಸಿ ಕೊಟ್ಟೆ.

ರಿಪೋರ್ಟು ಬಂದಾಗ ಡಾಕ್ಟರು ಹೆದರಿದ್ದಷ್ಟೇ ಇತ್ತು, ಹೆಚ್ಚೇನೂ ಇರಲಿಲ್ಲ. ಡ್ರಿಪ್ಪು ಹೋಗುತ್ತಾ ಹೋಗುತ್ತಾ ನಾಲಿಗೆ ಮೊದಲು ಸರಿಯಾಯಿತು, ಆಮೇಲೆ ಕಾಲು. ಒಂದು ಬೆಳಿಗ್ಗೆ ನಾನು ಇಟ್ಟ ಕಾಗದ ಅವನ ಕೈಮೇಲೆ ಅಲುಗದೆ ಕೂತಿತು. ನಾನು ಅದನ್ನು ತೆಗೆಯುವುದನ್ನೇ ಮರೆತೆ. "ಎಷ್ಟೊತ್ತು ಸಿಸ್ಟ್ರೆ ಇಂಗೇ ಇಡ್ಕೊಂಡಿರ್ಲಿ? ಕೈ ನೋವು" ಅಂದ. ರಾಜಮ್ಮ ನಗುತ್ತಾ ಅತ್ತುಬಿಟ್ಟಳು.

ಈಗ ಮುಂದೇನು ಅನ್ನುವ ಪ್ರಶ್ನೆ. ಡಾಕ್ಟರು ಅವನನ್ನೇ ಕೂರಿಸಿ ಕೇಳಿದರು. ಲಿಥಿಯಂ ಮತ್ತೆ ಕಡಿಮೆ ಪ್ರಮಾಣದಲ್ಲಿ ಶುರು ಮಾಡಬಹುದು, ಉಪ್ಪು ಎಲ್ಲರ ಹಾಗೆ ತಿನ್ನಬೇಕು. ಪುಡಿಯ ತಪ್ಪೇನೂ ಇಲ್ಲ, ಬೇಕಾದರೆ ಮುಂದುವರಿಸಬಹುದು. ಚರ್ಮ ಹೀಗೇ ಇರುತ್ತದಾ ಅಂದರೆ ಮಾತು ಕೊಡಲಾಗದು. ಪುಡಿಯಿಂದ ವಾಸಿಯಾಯಿತೋ, ಪತ್ಯದಿಂದಲೋ, ತಾನಾಗಿಯೇ ಇಳಿಯಿತೋ, ಉಪ್ಪು ತಿಂದ ಮೇಲೆಯೇ ಗೊತ್ತಾಗಬೇಕು. ನಾನು ಒಂದೊಂದನ್ನೂ ಕನ್ನಡದಲ್ಲಿ ಹೇಳಿದೆ. ಅವನು ತನ್ನ ಮೊಣಕೈ ಸವರಿಕೊಳ್ಳುತ್ತಾ ಕೇಳಿಸಿಕೊಂಡ. ಬೇಡ ಅಂದುಬಿಡುತ್ತಾನೆ ಎಂದುಕೊಂಡೆ.

"ಮಾತ್ರೆ ಕೊಡಿ" ಅಂದ. "ತೊಗಲು ಕೆಟ್ರೆ ಕೆಡ್ಲಿ. ಈ ಸಲ ಮಂಚದ್ ಮೇಲೆ ಬಿದ್ದಿದ್ದಾಗ ನನ್ ಮಗಳ ಎಸ್ರು ಗ್ನಾಪಕ ಬರ್ಲಿಲ್ಲ ಸಿಸ್ಟ್ರೆ. ತಲೆ ಇದ್ರೆ ತಾನೆ ತೊಗಲು ನಂದು ಅನ್ನಕ್ಕೆ."

ಪುಡಿಯನ್ನು ಈ ಸಲ ಪೊಟ್ಟಣ ಕಟ್ಟಲಿಲ್ಲ. ಹಾರ್ಲಿಕ್ಸಿನಂಥ ಒಂದು ಡಬ್ಬಿಗೆ ತುಂಬಿ, ಚಮಚ ಹಾಕಿ, ಕಾಫಿಯಲ್ಲಿ ಕದಡಿ ಕುಡಿ ಅಂದೆವು. ಅದರಿಂದಾಚೆಗೆ ನಮ್ಮಲ್ಲಿ ಲಿಥಿಯಂ ತಿನ್ನುವ ಯಾರಿಗೂ ಪೊಟ್ಟಣದಲ್ಲಿ ಏನನ್ನೂ ಕೊಡಲಿಲ್ಲ. ಮನೆಯವರನ್ನು ಕೂರಿಸಿ ಮೊದಲು ಕೇಳುತ್ತಿದ್ದ ಪ್ರಶ್ನೆ, ಪತ್ಯ ಏನಾದರೂ ಮಾಡುತ್ತೀರಾ ಎನ್ನುವುದು. ನೀವೂ ಕೇಳಿ. ಮಾತ್ರೆ ತಿಂದಿರಾ ಅಂತ ಕೇಳುವ ಮೊದಲೇ ಕೇಳಿ.

ಆದರೆ ಚೌಡಮ್ಮ ಅಡುಗೆಮನೆಗೆ ಕಾಲಿಡುವುದನ್ನು ಬಿಟ್ಟಿದ್ದಳು. ಆಸ್ಪತ್ರೆಯಿಂದ ಹೋದ ಮೇಲೆ ಮಗನಿಗೆ ಒಂದು ಲೋಟ ನೀರನ್ನೂ ಕೊಡಲಿಲ್ಲವಂತೆ. ಒಲೆ ಕಡೆ ನೋಡದೆ ಜಗಲಿಯಲ್ಲಿ ಕೂತಿರುತ್ತಾಳೆ, ರಾಜಮ್ಮ ಬಡಿಸಿದರೆ ತನ್ನ ಪಾಲಿಗೆ ಉಪ್ಪು ಬೇಡ ಅನ್ನುತ್ತಾಳೆ ಎಂದು ಸುದ್ದಿ ಬಂತು. ವಾರ್ಡಿನಲ್ಲಿ ಕೂಗಾಡಿದವಳು ನಾನು, ಹೋಗಲೇಬೇಕಾಯಿತು. ಮುಂದಿನ ಕ್ಯಾಂಪಿನ ದಿನ ಮಧ್ಯಾಹ್ನ ಅವರ ಮನೆಗೆ ಹೋಗಿ, "ಚೌಡಮ್ಮ, ಹಸಿವಾಗ್ತಿದೆ, ನಿನ್ನ ಕೈಯೂಟ ಬೇಕು" ಅಂತ ಚಾಪೆ ಹಾಸಿಕೊಂಡು ಕೂತೆ.

"ರಾಜಿ ಆಕ್ತಾಳೆ."

"ರಾಜಿ ಕೈಯೂಟ ನನಗೆ ಬೇಡ."

"ನನ್ ಕೈ ಸರಿ ಇಲ್ಲ ಕಣಮ್ಮ" ಅಂದಳು, ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು. "ಈ ಕೈಯಾರೆ ಮಗನ್ನ ತೆಗೀತಿದ್ದೆ. ಈಗ ಉಪ್ಪಾಕು ಅಂತೀರಿ. ಆಕಿದ್ಮೇಲೆ ತೊಗಲು ಎದ್ರೆ ಅದೂ ನನ್ ಕೈಯಿಂದ್ಲೇ."

ರಾಮಲಿಂಗ ಮಗ್ಗದಿಂದ ಎದ್ದು ಬಂದು ನನ್ನ ಪಕ್ಕ ಕೂತ. "ಅವ್ವಾ, ನಂಗೂ ಅಸಿವು" ಅಂದ.

ಆಕೆ ಎದ್ದಳು. ಒಳಗೆ ಪಾತ್ರೆ ಸದ್ದಾಯಿತು. ಬಹಳ ಹೊತ್ತಿನ ಮೇಲೆ ರಾಗಿಮುದ್ದೆ, ಹುರುಳಿ ಸಾರು ತಂದು ಬಡಿಸಿ, ದೂರ ನಿಂತು ಮಗನ ಬಾಯನ್ನೇ ನೋಡತೊಡಗಿದಳು. ನಾನು ಮುದ್ದೆ ಅದ್ದಿ ಬಾಯಿಗಿಟ್ಟೆ. ಅಯ್ಯಯ್ಯೋ, ಉಪ್ಪಿನ ಕಡಲು! ನಾಲಿಗೆ ಮುದುರಿಕೊಂಡಿತು. ಇಷ್ಟು ಉಪ್ಪು ದಿನಾ ತಿಂದರೆ ಲಿಥಿಯಂ ಮೈಯಲ್ಲಿ ನಿಲ್ಲದೆ ಇಳಿದುಹೋಗುತ್ತದೆ, ಮತ್ತೆ ತಲೆ ಏರುತ್ತದೆ ಅಂತ ಆಗಲೇ ನನ್ನ ಹಳೆಯ ಹೆದರಿಕೆ ಶುರುವಾಯಿತು. ಹೇಳೋಣ ಎಂದು ಬಾಯಿ ತೆರೆದೆ. ರಾಮಲಿಂಗ ಮೊಣಕೈಯಿಂದ ನನ್ನನ್ನು ತಿವಿದ. ತಲೆ ಬಗ್ಗಿಸಿ, ಒಂದೂ ಮಾತಾಡದೆ, ತಟ್ಟೆ ಬರಿದಾಗುವ ತನಕ ಉಂಡ. ನಾನೂ ಉಂಡೆ.

ಅವನು ತಟ್ಟೆಯಲ್ಲಿ ಉಳಿದ ಕೊನೆಯ ತುತ್ತನ್ನು ತಾಯಿಯ ಬಾಯಿಗೆ ಹಿಡಿದ. ಚೌಡಮ್ಮ ಬೇಡ ಬೇಡ ಅಂದವಳು ಬಾಯಿ ತೆರೆದಳು. ಅಗಿದಳು, ನಿಲ್ಲಿಸಿದಳು. ಮುಖ ಕಿವುಚಿಕೊಂಡಿತು.

"ಥೂ, ಉಪ್ಪು ಎಷ್ಟಾಗೈತೆ! ಯಾಕ್ಲಾ, ಬಾಯಿಲ್ವಾ ನಿಂಗೆ? ಏಳಬಾರ್ದಾ?"

"ನೀನೇ ಆಕಿದ್ದಲ್ಲವ್ವ" ಅಂದ ರಾಮಲಿಂಗ. "ಅದಕ್ಕೆ ಏಳ್ಲಿಲ್ಲ."

ಚೌಡಮ್ಮ ತುತ್ತು ನುಂಗಿದಳು, ಅವನ ತಲೆಗೆ ಒಂದು ಮೊಟಕಿದಳು, ಸಾರಿಗೆ ನೀರು ಬೆರೆಸಲು ಒಳಗೆ ಹೋದಳು.